ಬಚ್ಚಲಮನೆ ಕಡೆಗೆ ತಿರುಗಿದ ಚಪ್ಪಲಿಗಳು

ನಮ್ಮೂರಿಗೆ ಬಂದ ಅತಿಥಿ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋದರೆ, ಸ್ವಲ್ಪ ಹೊತ್ತಿನಲ್ಲೇ ಆ ಚಪ್ಪಲಿ ತಾನಾಗಿ ತಿರುಗುತ್ತದೆ. ಉಪಚಾರ ಹಿಡಿಸಿದರೆ ಮೂತಿ ಒಳಕ್ಕೆ, ಹಿಡಿಸದಿದ್ದರೆ ಮೂತಿ ರಸ್ತೆಗೆ. ಅತಿಥಿ ಮಹಾಶಯರು ಒಳಗೆ ಕೂತು "ಆಹಾ, ಇಂಥ ಉಪ್ಪಿಟ್ಟು ಜನ್ಮದಲ್ಲೇ ತಿಂದಿರಲಿಲ್ಲ" ಎಂದು ಹಲ್ಲು ಕಿರಿಯುತ್ತಿರುವಾಗಲೇ ಹೊರಗೆ ಅವರ ಚಪ್ಪಲಿ ಮನೆಗೆ ಬೆನ್ನು ಹಾಕಿ ನಿಂತಿರುತ್ತದೆ. ಊರಿನವರ ಚಪ್ಪಲಿ ಮಾತ್ರ ಬಿಟ್ಟ ಕಡೆಯೇ ಬಿದ್ದಿರುತ್ತದೆ. ನಮಗೆ ಯಾರೂ ಉಪಚಾರ ಮಾಡುವುದಿಲ್ಲ, ಮಾಡಿಯಾರೆಂಬ ಭ್ರಮೆಯೂ ಇಲ್ಲ.

ಇದರಿಂದ ನಮ್ಮ ಲಾಡ್ಜಿನವರೂ ಹೋಟೆಲಿನವರೂ ಪಡುವ ಪಾಡು ಅಷ್ಟಿಷ್ಟಲ್ಲ. ಒಬ್ಬರು ಮೆಟ್ಟಿಲಿಗೆ ಹಲಸಿನ ಮೇಣ ಬಳಿದು ಅತಿಥಿಗಳ ಚಪ್ಪಲಿಯನ್ನು ಒಳಮುಖವಾಗಿ ಅಂಟಿಸಿದ್ದರು. ಬೆಳಿಗ್ಗೆ ಅವನ್ನು ಕೀಳಲು ಬಡಗಿಯನ್ನು ಕರೆಸಬೇಕಾಯಿತು. ಇನ್ನೊಬ್ಬರು "ಚಪ್ಪಲಿ ಹಾಕಿಕೊಂಡೇ ಮಲಗಿ, ನಮ್ಮದೇನೂ ಅಭ್ಯಂತರವಿಲ್ಲ" ಎಂದು ಬೋರ್ಡು ಬರೆಸಿದರು. ಕೊನೆಗೆ ಪುರಸಭೆಯೇ ನಡುವೆ ಬಂದು, ಅತಿಥಿಗಳ ಚಪ್ಪಲಿ ಬಾಗಿಲ ಹೊರಗೇ ಇರಬೇಕು, ಅದನ್ನು ಯಾರೂ ಮುಟ್ಟಕೂಡದು ಎಂದು ಕಾನೂನು ಮಾಡಿತು. ಕಾನೂನು ಮಾಡಿದ ಮೇಲೆ ಸುಮ್ಮನಿರಲಾರದೆ ಒಂದು ಪ್ರಶಸ್ತಿಯನ್ನೂ ಇಟ್ಟಿತು. ಅದರ ಹೆಸರು ಉಪಚಾರ ರತ್ನ. ಅತಿಥಿಗಳ ಸೇವೆಯಲ್ಲಿ ದುಡಿಯುವವರಲ್ಲಿ ಯಾರ ಬಾಗಿಲಲ್ಲಿ ಹೆಚ್ಚು ಚಪ್ಪಲಿ ಒಳಮುಖವಾಗಿದೆಯೋ ಅವರಿಗೆ ವರ್ಷಕ್ಕೊಮ್ಮೆ ಒಂದು ಶಾಲು, ಒಂದು ಹಿತ್ತಾಳೆ ಚೊಂಬು.

ಶಾಲು, ಚೊಂಬು ಯಾರಿಗೆ ಬೇಕು? ಜನ ಬಾಯಿ ಬಿಡುತ್ತಿದ್ದದ್ದು ಅದರ ಜೊತೆಗಿದ್ದ ಹಕ್ಕಿಗೆ. ಶಾಲು ಹೊದಿಸುವಾಗ ರತ್ನ ಎಲ್ಲಿ ಕೂತಿರುತ್ತಾರೋ ಆ ಜಾಗ ಅವರ ಜೀವ ಇರುವ ತನಕ ಅವರದು. ಅದನ್ನು ಧಣಿಯೂ ಕದಲಿಸಕೂಡದು, ಸರ್ಕಾರವೂ ಕದಲಿಸಕೂಡದು. ಮೊದಲ ರತ್ನ ಜಟಕಾ ಓಡಿಸುವ ಅಮೀರ್ ಸಾಬರು (ಜಟಕಾದ ಹಿಂಬಾಗಿಲೂ ಬಾಗಿಲೇ ಎಂದು ಪುರಸಭೆ ಒಪ್ಪಿತ್ತು) ಹುಣಸೇಮರದ ಬುಡದಲ್ಲಿ ಶಾಲು ಹೊದ್ದರು. ಆಮೇಲೆ ಬಂದ ಹೊಸ ರಸ್ತೆ ಆ ಮರದ ಹತ್ತಿರ ಬಂದು, ನಮಸ್ಕಾರ ಹಾಕಿ, ಬಳಸಿಕೊಂಡು ಹೋಗಿದೆ. ಭಾಷಣವೆಲ್ಲ ಪುರಸಭೆಯ ಭವನದಲ್ಲಿ ಮುಗಿಸಿ, ಶಾಲನ್ನು ಮಾತ್ರ ಕೆಲಸದ ಜಾಗಕ್ಕೇ ಹೋಗಿ ಹೊದಿಸುವ ಪದ್ಧತಿ ಆಗಿನಿಂದ ಬಂತು.

ಚಪ್ಪಲಿ ನೋಡಿ ತೀರ್ಪು ಹೇಳುವ ಕೆಲಸ ನನ್ನದು. ನನ್ನ ಹೆಸರು ಅಚ್ಯುತಮೂರ್ತಿ, ಕರೆಯುವುದು ಮಾತ್ರ ಗೈಡಪ್ಪ. ಊರ ಹೊರಗಿನ ಗುಡ್ಡದ ಮೇಲೆ, ಒಂದು ಬೆರಳಿನಿಂದ ದೂಡಿದರೂ ಅಲ್ಲಾಡುವ ತೂಗುಬಂಡೆಯೊಂದಿದೆ. ಅದನ್ನು ಪ್ರವಾಸಿಗರಿಗೆ ತೋರಿಸಿ, ಯಾವ ರಾಜನೂ ಮಾಡಿರದ ಸಾಹಸಗಳನ್ನು ಅದಕ್ಕೆ ಕಟ್ಟಿ ಹೇಳುವುದು ನನ್ನ ಹೊಟ್ಟೆಪಾಡು. ಬಂಡೆಗೆ ಬಾಗಿಲಿಲ್ಲ. ಬಾಗಿಲಿಲ್ಲದವನಿಗೆ ಪ್ರಶಸ್ತಿ ಬರುವ ಸಂಭವವಿಲ್ಲ, ಆದ್ದರಿಂದ ಇವನು ನಿಷ್ಪಕ್ಷಪಾತಿ ಎಂದು ಪುರಸಭೆ ತೀರ್ಮಾನಿಸಿತ್ತು.

ನಾನೂ ಹುಟ್ಟಾ ಇಲ್ಲಿಯವನಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಬಂಡೆ ನೋಡಲು ಬಂದವನು ಎರಡು ದಿನಕ್ಕೆಂದು ಸುಖನಿವಾಸ ಲಾಡ್ಜಿನಲ್ಲಿ ಇಳಿದೆ. ಯಾಕೋ ಹೋಗಲು ಮನಸ್ಸಾಗಲಿಲ್ಲ. ಹೊರಗಿನವರು ಊರಿನವರಾಗಬೇಕಾದರೆ ಒಂದು ಪರೀಕ್ಷೆಯಿದೆ. ಪುರಸಭೆಯ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು, ಗೆರೆಯ ಮೇಲೆ ನಿಮ್ಮ ಚಪ್ಪಲಿ ಇಟ್ಟು, ಮೂರು ದಿನ ಕಾಯುತ್ತಾರೆ. ಅಲ್ಲಾಡದಿದ್ದರೆ ನೀವು ಊರಿನವರು. ನನ್ನ ಚಪ್ಪಲಿ ಒಂದು ಎಳ್ಳಿನಷ್ಟೂ ಅಲ್ಲಾಡಲಿಲ್ಲ. "ಇಷ್ಟು ಬೇಗ ಜಡವಾದವನನ್ನು ನಾವು ನೋಡೇ ಇಲ್ಲ" ಎಂದು ಹಿರಿಯರು ಬೆನ್ನು ತಟ್ಟಿದರು. ಆಮೇಲೆ ನನ್ನ ಚಪ್ಪಲಿಯ ಕಡೆ ನಾನು ಕಣ್ಣೆತ್ತಿ ನೋಡಲಿಲ್ಲ. ರೂಮಿಗೆ ಬಂದರೆ ಅದನ್ನು ಮಂಚದ ಕೆಳಗೆ ಒದ್ದು ಮಲಗುವುದೇ ಅಭ್ಯಾಸವಾಯಿತು.

ಹನ್ನೊಂದು ವರ್ಷದಿಂದ ಉಪಚಾರ ರತ್ನ ಹೋಗುತ್ತಿದ್ದದ್ದು ಸುಖನಿವಾಸದ ಮಾಲೀಕ ಪುಟ್ಟರಾಜಪ್ಪನವರಿಗೆ. ಮಾಲೀಕರಿಗೆ ಇದು ಸಲ್ಲುವುದಿಲ್ಲ ಎಂದು ಮೊದಲ ವರ್ಷ ಯಾರೋ ತಕರಾರು ತೆಗೆದಾಗ, ಅವರು ತಮ್ಮ ಲಾಡ್ಜಿನ ಹಾಜರಿ ಪುಸ್ತಕ ತಂದು ತೋರಿಸಿದರು. ದಿನವೂ ತಮ್ಮ ಹೆಸರಿನ ಮುಂದೆ ತಾವೇ ಸಹಿ ಮಾಡಿದ್ದರು. ಒಮ್ಮೆ ತಡವಾಗಿ ಬಂದದ್ದಕ್ಕೆ ತಮಗೆ ತಾವೇ ಎಚ್ಚರಿಕೆ ಕೊಟ್ಟುಕೊಂಡಿದ್ದರು. ಅಂಥ ಪ್ರಾಮಾಣಿಕತೆಯ ಮುಂದೆ ನಾವು ಏನು ಹೇಳಲಿಕ್ಕಾಗುತ್ತದೆ? ಅವರ ಲಾಡ್ಜಿನ ಬಾಗಿಲಲ್ಲಿ ಚಪ್ಪಲಿಗಳೂ ಸಾಲಾಗಿ ಒಳಮುಖವಾಗಿಯೇ ಇರುತ್ತಿದ್ದವು.

ಲಾಡ್ಜಿನ ಎದುರಿಗೇ ಇರುವ ತುಳಜಪ್ಪನ ಕ್ಯಾಂಟೀನಿನ ಹಣೆಬರಹ ಇದಕ್ಕೆ ಉಲ್ಟಾ. ಲಾಡ್ಜಿನಿಂದ ಬಂದು ಅಲ್ಲಿ ದೋಸೆ ತಿನ್ನಲು ಕೂತ ಪ್ರವಾಸಿಗರ ಚಪ್ಪಲಿ ಒಂದೂ ಬಿಡದೆ ರಸ್ತೆಗೆ ತಿರುಗುತ್ತಿತ್ತು. ಆ ಬಡಪಾಯಿ ಹನ್ನೊಂದು ವರ್ಷದಲ್ಲಿ ಚಟ್ನಿಯನ್ನು ಏಳು ಸಲ ಬದಲಾಯಿಸಿದ. ಕಾವಲಿ ಬದಲಾಯಿಸಿದ. ಒಂದು ವರ್ಷ ಮೀಸೆಯನ್ನೂ ತೆಗೆಸಿ ನೋಡಿದ. ಪ್ರತಿ ವರ್ಷ ನಾನು ಅವನ ಮುಂದೆ ನಿಂತು "ಹೊರಮುಖ" ಎಂದು ಬರೆದುಕೊಳ್ಳುವಾಗ ಅವನು ನನ್ನನ್ನು ನೋಡುತ್ತಿದ್ದ ರೀತಿ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಇನ್ನು ನಿಂಗಾಜಮ್ಮ. ಸುಖನಿವಾಸದ ಹಿತ್ತಲಲ್ಲಿ, ಕೋಣೆಗಳಿಂದ ದೂರಕ್ಕೆ, ಹೆಂಚಿನ ಬಚ್ಚಲಮನೆಯಿದೆ. ಅಲ್ಲಿ ಎರಡು ತಾಮ್ರದ ಹಂಡೆಗೆ ಉರಿ ಹಾಕಿ ಅತಿಥಿಗಳಿಗೆ ಸ್ನಾನದ ನೀರು ಕೊಡುವವಳು ಅವಳು. ನಾನು ಊರಿಗೆ ಬರುವ ಎರಡು ವರ್ಷ ಮುಂಚೆ, ಗಂಡ ತೀರಿಕೊಂಡ ಮೇಲೆ, ಎಲ್ಲಿಂದಲೋ ಬರಿಗಾಲಲ್ಲಿ ನಡೆದು ಬಂದವಳು. ಇವತ್ತಿನವರೆಗೂ ಬರಿಗಾಲೇ. ಚಪ್ಪಲಿಯೇ ಇಲ್ಲದವಳಿಗೆ ಸುಣ್ಣದ ಗೆರೆಯ ಪರೀಕ್ಷೆ ಹೇಗೆ ಮಾಡುವುದೆಂದು ತೋಚದೆ ಪುರಸಭೆ ಅವಳನ್ನು ಹಾಗೇ ಬಿಟ್ಟಿತ್ತು.

ಅವಳ ಬಾಯಿ ಮಾತ್ರ ಉಪಚಾರದ ಬಾಯಲ್ಲ. ಬಂದವರ ಮುಖವನ್ನು ಒಂದು ಸಲ ದಿಟ್ಟಿಸಿ ನೋಡುವಳು. "ಎಷ್ಟ್ ದಿನಾಯ್ತು ನಿದ್ದೆ ಮಾಡಿ? ಮನೇಲಿ ಜಗಳ ಆಡ್ಕೊಂಡ್ ಬಂದಿದೀರಾ?" ಎಂದು ಕೇಳಿಯೇ ಬಿಡುವಳು. ಆಮೇಲೆ ಆ ಮುಖಕ್ಕೆ ಎಷ್ಟು ಬಿಸಿ ಬೇಕೋ ಅಳೆದು ತಣ್ಣೀರು ಬೆರೆಸಿ ಬಕೆಟ್ಟು ಒಳಗಿಟ್ಟು, ಬಾಗಿಲಾಚೆ ಕೂತು ಅಲ್ಲಿಂದಲೇ ಹುಕುಂ ಹೊರಡಿಸುವಳು. "ಮೊದ್ಲು ಬೆನ್ನಿಗೆ ಉಯ್ಕೊಳಿ. ಅಯ್ಯೋ, ಅಷ್ಟ್ ಅವಸರ ಯಾಕೆ, ರೈಲೇನ್ ಹೋಗ್ತಾ ಇಲ್ಲ!" ನಮ್ಮೂರಿಗೆ ರೈಲೇ ಇಲ್ಲ. ಒಳಗಿದ್ದವರು ದೊಡ್ಡ ಮನುಷ್ಯರಾದರೂ ಹೇಳಿದಂತೆ ಕೇಳುತ್ತಿದ್ದರು. ಕೆಲವರು ಒಳಗೆ ಅತ್ತದ್ದೂ ಉಂಟು. ಅವಳು ಆಗ ಬೇಕೆಂದೇ ಸೌದೆಯನ್ನು ಜೋರಾಗಿ ಸೀಳುವಳು, ಅಳು ಹೊರಗೆ ಕೇಳಿಸದಿರಲಿ ಎಂದು. ಭಾನುವಾರ ಭಾನುವಾರ ನಾನೂ ಅಲ್ಲಿಗೇ ಹೋಗಿ ಎಣ್ಣೆ ನೀರು ಹಾಕಿಕೊಂಡು, ಅವಳ ಕೈಲಿ ನಾಲ್ಕು ಬೈಸಿಕೊಂಡು ಬರುತ್ತಿದ್ದೆ. ವಾರಕ್ಕೊಮ್ಮೆ ಬೈಸಿಕೊಳ್ಳದಿದ್ದರೆ ನನಗೆ ಮೈ ಸರಿಯಿರುತ್ತಿರಲಿಲ್ಲ.

ಈ ವರ್ಷ ಪ್ರಶಸ್ತಿಯ ಸುಮಾರಿಗೆ ಪುಟ್ಟರಾಜಪ್ಪನವರು ಪ್ರತಿ ಕೋಣೆಗೂ ಗೀಸರ್ ಹಾಕಿಸುವುದಾಗಿ ಸಾರಿದರು. ಬಚ್ಚಲಮನೆ ಕೆಡವಿ ಕಾರು ನಿಲ್ಲಿಸಲು ಜಾಗ ಮಾಡುತ್ತಾರಂತೆ. ನಿಂಗಾಜಮ್ಮನಿಗೆ ಶುಕ್ರವಾರ ಕೊನೆಯ ದಿನ. ನಾನು ಓಡಿಹೋಗಿ ಕೇಳಿದರೆ ಅವಳು ಬೂದಿ ಗೋರುತ್ತಾ, "ತಂಗಿ ಊರಿಗೆ ಹೋಯ್ತೀನಿ ಗೈಡಪ್ಪ. ಶುಕ್ರವಾರ ಹನ್ನೆರಡಕ್ಕೆ ಬಸ್ಸು. ಅಲ್ಲೂ ಜನ ಸ್ನಾನ ಮಾಡ್ತಾರೆ" ಎಂದಳು. ನನಗೆ ಎದೆ ಧಸಕ್ಕೆಂದಿತು. ಯಾಕೆಂದು ಆಗ ನನ್ನನ್ನೇ ಕೇಳಿಕೊಳ್ಳಲಿಲ್ಲ, ಭಾನುವಾರದ ಎಣ್ಣೆ ನೀರು ತಪ್ಪುತ್ತದಲ್ಲ ಎಂದುಕೊಂಡೆ.

ಮಂಗಳವಾರ ಬೆಳಿಗ್ಗೆ ತೀರ್ಪಿಗೆಂದು ಸುಖನಿವಾಸಕ್ಕೆ ಹೋದೆ. ಮುಂಬಾಗಿಲಲ್ಲಿ ಎಂದಿನಂತೆ ಎಲ್ಲ ಒಳಮುಖ. ಆದರೆ ಹೊಸದಾಗಿ ಕಟ್ಟಿಸಿದ್ದ ಪಕ್ಕದ ಕೋಣೆಗಳ ಸಾಲಿನಲ್ಲಿ ಏಳೆಂಟು ಜೊತೆ ಚಪ್ಪಲಿ ಒಳಕ್ಕೂ ಇಲ್ಲ, ಹೊರಕ್ಕೂ ಇಲ್ಲ, ಗೋಡೆಗೆ ಮೂತಿ ಮಾಡಿಕೊಂಡು ಅಡ್ಡಡ್ಡ ನಿಂತಿದ್ದವು. ಇಷ್ಟು ವರ್ಷ ಇಂಥದ್ದನ್ನು ನೋಡಿದಾಗ "ಚಪಲಚಿತ್ತ" ಎಂದು ಬರೆದು ಮುಂದೆ ಹೋಗುತ್ತಿದ್ದೆ. ಅವತ್ತು ಏಕೋ ಹೂವಿನವಳ ಹತ್ತಿರ ಒಂದು ಉಂಡೆ ದಾರ ತಂದೆ. ಪ್ರತಿ ಚಪ್ಪಲಿಯ ಮೂತಿಯಿಂದ ನೇರಕ್ಕೆ ದಾರ ಎಳೆದೆ, ಕಿಟಕಿ ಹಾಯಿಸಿ, ಮಹಡಿ ಇಳಿಸಿ, ಅಡುಗೆಯವರ ಬೈಗುಳ ತಿಂದು. ಮುಂಬಾಗಿಲಿನವಕ್ಕೂ ಎಳೆದೆ. ಎದುರಿನ ಕ್ಯಾಂಟೀನಿಗೆ ಹೋಗಿ, ರಸ್ತೆ ದಾಟಿಸಿ, ತುಳಜಪ್ಪನ ಅತಿಥಿಗಳ ಚಪ್ಪಲಿಯಿಂದಲೂ ಎಳೆದೆ. ಎಲ್ಲ ದಾರಗಳೂ ಹೋಗಿ ಸೇರಿದ್ದು ಒಂದೇ ಕಡೆ, ಬಚ್ಚಲಮನೆಯ ಬಾಗಿಲಿಗೆ. ಅಲ್ಲಿ ನಿಂಗಾಜಮ್ಮ ಒಲೆ ಊದುತ್ತಾ ಕೂತಿದ್ದಳು.

"ಇದೇನ್ ಜೇಡರ ಬಲೆ ಕಟ್ತಾ ಇದೀರಾ ಗೈಡಪ್ಪ?" ಎಂದು ಕೇಳಿದಳು.

ನಾನು ನೆಲದ ಮೇಲೆ ಕೂತು ದಾರವನ್ನು ಉಂಡೆ ಸುತ್ತತೊಡಗಿದೆ. ಹನ್ನೊಂದು ವರ್ಷ ಒಳಗೆ, ಹೊರಗೆ ಎಂಬ ಎರಡೇ ಮಾತು ಇಟ್ಟುಕೊಂಡು ಎಂಥ ಕತ್ತೆಯಾಗಿದ್ದೆ! ಲಾಡ್ಜಿನ ಒಳಕ್ಕೆ ಎಂದು ನಾನು ತಿಳಿದದ್ದು ಲಾಡ್ಜನ್ನು ಹಾಯ್ದು ಹಿತ್ತಲಿಗೆ. ತುಳಜಪ್ಪನ ದೋಸೆಯಲ್ಲಿ ಯಾವ ದೋಷವೂ ಇರಲಿಲ್ಲ. ಅವನ ಕ್ಯಾಂಟೀನು ರಸ್ತೆಯ ಆಚೆಗಿತ್ತು, ಅಷ್ಟೇ. ಅವನಿಗೆ ಹೋಗಿ ಹೇಳಿದಾಗ ಅವನು ಸೌಟು ಕೆಳಗಿಟ್ಟು, "ಹಂಗಾದ್ರೆ ನನ್ನ ಮೊದಲನೇ ಚಟ್ನಿ ಚೆನ್ನಾಗಿತ್ತಾ?" ಎಂದು ಕೇಳಿ, ನನ್ನನ್ನು ಹೊಡೆಯಲೋ ಅಪ್ಪಿಕೊಳ್ಳಲೋ ತಿಳಿಯದೆ ನಿಂತುಬಿಟ್ಟ.

ನಿಂಗಾಜಮ್ಮನಿಗೆ ಶಾಲು ಬಂದರೆ ಬಚ್ಚಲಮನೆ ಉಳಿಯುತ್ತದೆ, ಅವಳೂ ಉಳಿಯುತ್ತಾಳೆ. ನನಗೆ ಬೇಕಾದದ್ದು ಅಷ್ಟೇ. ಬುಧವಾರ ಪುರಸಭೆಯ ಅಧ್ಯಕ್ಷೆ ಜಲಜಾಕ್ಷಮ್ಮನವರ ಮುಂದೆ ದಾರದ ಉಂಡೆ ಇಟ್ಟು ಎಲ್ಲ ಹೇಳಿದೆ. ಅಲ್ಲೇ ಕೂತಿದ್ದ ಪುಟ್ಟರಾಜಪ್ಪನವರು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು.

"ಬಚ್ಚಲ ಕಡೆ ತಿರುಗಿದ್ರೆ ಅದಕ್ಕೂ ಪ್ರಶಸ್ತಿನಾ? ಪಾಪ, ಜನಕ್ಕೆ ಅರ್ಜೆಂಟ್ ಇತ್ತೇನೋ ಕಣಯ್ಯಾ!"

"ಊರಿನ ಅರ್ಧ ಪ್ರವಾಸಿಗರಿಗೆ ದಿನವಿಡೀ ಅರ್ಜೆಂಟ್ ಇರುತ್ತಾ ಸ್ವಾಮಿ?" ಎಂದೆ.

"ಹೋಗ್ಲಿ, ಬಿಸಿನೀರು ಇಷ್ಟ ಆಗಿದೆ ಅಂತಿಟ್ಕೊ. ನೀರು ನಂದು, ಸೌದೆ ನಂದು, ಹಂಡೆ ನಂದು. ಊದೋದು ತಾನೆ ಅವಳ ಕೆಲಸ? ಇನ್ಮೇಲೆ ಗೀಸರ್ರೂ ಬಿಸಿನೀರೇ ಕೊಡುತ್ತೆ. ಚಪ್ಪಲಿ ಗೀಸರ್ ಕಡೆ ತಿರುಗುತ್ತೆ."

ಜಲಜಾಕ್ಷಮ್ಮನವರು ಇಬ್ಬರ ಮುಖವನ್ನೂ ನೋಡಿ, "ನೀರೋ, ಅವಳೋ ಅನ್ನೋದು ಗೊತ್ತಾಗ್ಬೇಕಲ್ಲಪ್ಪ. ಶುಕ್ರವಾರ ಭವನದಲ್ಲೇ ತೀರ್ಮಾನ ಹೇಳೋಣ" ಎಂದು ಎದ್ದರು. ಪುಟ್ಟರಾಜಪ್ಪನವರು ಶುಕ್ರವಾರದವರೆಗೆ ಕಾಯಲಿಲ್ಲ. ಗುರುವಾರ ಬೆಳಗಿನ ಸ್ನಾನ ಮುಗಿಯುತ್ತಲೇ ನಮ್ಮೆಲ್ಲರ ಕಣ್ಣೆದುರಿಗೇ ಹಂಡೆಗಳನ್ನು ಒಲೆಯಿಂದ ಇಳಿಸಿ ಅಂಗಳಕ್ಕೆ ಉರುಳಿಸಿದರು.

ನಾನು ನಿಂಗಾಜಮ್ಮನ ಹತ್ತಿರ ಹೋಗಿ, ಒಂದು ದಿನ ತಡೆ, ನಿನಗೆ ಶಾಲು ಬರುತ್ತದೆ ಎಂದು ಅಂಗಲಾಚಿದೆ.

"ಒಲೆ ಮುಂದೆ ಕೂತೋಳಿಗೆ ಶಾಲ್ ಯಾಕೆ? ಚಳಿಯಾ?" ಎಂದಳು. ಆಮೇಲೆ ದನಿ ತಗ್ಗಿಸಿ, "ಹಂಡೆ ಉರುಳಿಸ್ದಾಗ ಒಬ್ರೂ ಮಾತಾಡ್ಲಿಲ್ಲ ಗೈಡಪ್ಪ. ನೀವೂ ನಿಂತು ನೋಡಿದ್ರಿ" ಎಂದಳು. ಇಲ್ಲದ ರಾಜರ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಾನು ಪೆಕರನ ಹಾಗೆ ನಿಂತಿದ್ದೆ.

ಶುಕ್ರವಾರ ಹನ್ನೊಂದಕ್ಕೆ ಭವನ ತುಂಬಿತು. ಭವನದೊಳಗೆ ಚಪ್ಪಲಿ ನಿಷಿದ್ಧ. ಹೊರಗಿನ ಜಗಲಿಯ ಮೇಲೆ ಊರಿನವರದೂ ಪ್ರವಾಸಿಗರದೂ ನೂರಾರು ಜೊತೆ ಸಾಲಾಗಿದ್ದವು. ಮುಖ್ಯ ಅತಿಥಿ ಬೇರೆ ಊರಿನ ಒಬ್ಬ ದೊಡ್ಡ ಅಧಿಕಾರಿ, ಬುಧವಾರದಿಂದ ಸುಖನಿವಾಸದಲ್ಲೇ ಇದ್ದವರು. ಅವರು ಆತಿಥ್ಯದ ಮಹತ್ವದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು, ಕುಡಿಯಲು ನೀರು ಕೇಳಿದಾಗ ಯಾರೂ ತಂದುಕೊಡಲಿಲ್ಲ. ಪುಟ್ಟರಾಜಪ್ಪನವರು ಜರಿಪೇಟ ಸುತ್ತಿ ಮುಂದಿನ ಸಾಲಿನಲ್ಲಿ ಕೂತಿದ್ದರು. ನಾನು ಕಿಟಕಿಯ ಹತ್ತಿರ, ಒಂದು ಕಣ್ಣು ಗಡಿಯಾರದ ಮೇಲೆ.

ಆಗ ಹೊರಗಿನಿಂದ ತುಳಜಪ್ಪ ಕೂಗಿದ. "ಬನ್ರೋ! ಬಂದು ನೋಡ್ರೋ!"

ಎಲ್ಲರೂ ಜಗಲಿಗೆ ನುಗ್ಗಿದೆವು. ಕೆಳಗಿನ ರಸ್ತೆಯಲ್ಲಿ ನಿಂಗಾಜಮ್ಮ ತಲೆಯ ಮೇಲೆ ಗಂಟು ಹೊತ್ತು ಬರಿಗಾಲಲ್ಲಿ ಬಸ್ ಸ್ಟ್ಯಾಂಡಿನ ಕಡೆ ನಡೆದು ಹೋಗುತ್ತಿದ್ದಳು. ಜಗಲಿಯ ಮೇಲೆ ಪ್ರವಾಸಿಗರ ಚಪ್ಪಲಿಗಳು ಅವಳು ನಡೆದ ಹಾಗೆಲ್ಲ ನಿಧಾನಕ್ಕೆ ತಿರುಗುತ್ತಿದ್ದವು. ಅವಳು ಗಂಟು ಸರಿಪಡಿಸಿಕೊಳ್ಳಲು ನಿಂತರೆ ಅವೂ ನಿಂತವು. ಅವಳು ಹೊರಟರೆ ಅವೂ ಹೊರಟವು. ಅಧಿಕಾರಿಯ ಕಪ್ಪು ಬೂಟುಗಳಂತೂ ಉಳಿದವನ್ನೆಲ್ಲ ಒತ್ತರಿಸಿಕೊಂಡು ತಿರುಗಿದವು. ನೀರೋ, ಅವಳೋ ಎಂದು ಇನ್ನು ಯಾರೂ ಕೇಳುವಂತಿರಲಿಲ್ಲ.

ಜಲಜಾಕ್ಷಮ್ಮನವರು ಬಾಯಿ ತೆರೆಯುವುದರೊಳಗೆ ಪುಟ್ಟರಾಜಪ್ಪನವರು ಕುಣಿದಾಡಿದರು. "ಅದ್ಯಾರದ್ದು? ಆ ಕಿತ್ತೋಗಿರೋ ಕಂದು ಚಪ್ಪಲಿ ಯಾರದ್ದು?"

ಊರಿನವರ ಚಪ್ಪಲಿಗಳು ಮಿಸುಕದೆ ಬಿದ್ದಿದ್ದ ಸಾಲಿನ ನಟ್ಟನಡುವೆ ಒಂದೇ ಒಂದು ಜೊತೆ, ಉಂಗುಷ್ಠಕ್ಕೆ ಸೆಣಬಿನ ಹೊಲಿಗೆ ಹಾಕಿದ್ದು, ಬಸ್ ಸ್ಟ್ಯಾಂಡಿನ ಕಡೆ ಮೂತಿ ಚಾಚಿ ನಿಂತಿತ್ತು. ಅದು ನನ್ನದು.

ಇಪ್ಪತ್ತೆರಡು ವರ್ಷ. ನಾನಿನ್ನೂ ಈ ಊರಿಗೆ ಅತಿಥಿಯೇ. ಆಗ ನನಗೆ ಸುಣ್ಣದ ಗೆರೆ ನೆನಪಾಯಿತು. ಪುರಸಭೆಯ ಅಂಗಳದಲ್ಲಿ ಎಳೆದ ಆ ಗೆರೆ ಸುಖನಿವಾಸದ ಹಿತ್ತಲಿಗೆ ನೇರಕ್ಕಿತ್ತು. ಚಪ್ಪಲಿ ಅಲ್ಲಾಡದೆ ಇದ್ದದ್ದು ಜಡವಾಗಿ ಅಲ್ಲ. ನೋಡಬೇಕಾದ ಕಡೆಯನ್ನೇ ಅದು ಆಗಲೇ ನೋಡುತ್ತಿತ್ತು. ಕಿವಿಯವರೆಗೆ ನನ್ನ ಮುಖ ಕೆಂಪಾಯಿತು, ಐವತ್ತರ ಗಂಡಸಿಗೆ ಶೋಭಿಸದಷ್ಟು.

"ಅತಿಥಿ ತೀರ್ಪು ಹೇಳೋ ಹಾಗಿಲ್ಲ! ಇವನ ತೀರ್ಪು ರದ್ದು!" ಎಂದು ಪುಟ್ಟರಾಜಪ್ಪನವರು ತೊಡೆ ತಟ್ಟಿದರು.

"ರದ್ದೇ ಆಗ್ಲಿ" ಎಂದರು ಜಲಜಾಕ್ಷಮ್ಮ ತಣ್ಣಗೆ. "ಹನ್ನೊಂದು ವರ್ಷದಿಂದ ಇವರೇ ಅಲ್ವಾ ತೀರ್ಪು ಹೇಳಿರೋದು? ನಿಮ್ಮ ಹನ್ನೊಂದು ಚೊಂಬೂ ಸಂಜೆಯೊಳಗೆ ತಂದುಕೊಟ್ಬಿಡಿ. ಇವತ್ತಿನ ತೀರ್ಪನ್ನ ನಾನು ನನ್ನ ಕಣ್ಣಾರೆ ನೋಡಿ ಹೇಳ್ತಾ ಇದೀನಿ. ನಿಂಗಾಜಮ್ಮ."

ಪುಟ್ಟರಾಜಪ್ಪನವರ ಪೇಟ ಒಂದು ಪಕ್ಕಕ್ಕೆ ಜಾರಿತು, ಅವರು ಅದನ್ನು ಸರಿಪಡಿಸಿಕೊಳ್ಳಲಿಲ್ಲ. ನಾನು ಭವನದೊಳಕ್ಕೆ ನುಗ್ಗಿ ಮೇಜಿನ ಮೇಲಿದ್ದ ಶಾಲನ್ನು ಕಸಿದುಕೊಂಡು ಓಡಿದೆ. ಚಪ್ಪಲಿ ಮೆಟ್ಟುವಷ್ಟೂ ಹೊತ್ತಿರಲಿಲ್ಲ.

ಬಸ್ಸಿನ ಎಂಜಿನ್ ಆಗಲೇ ಗುರುಗುಟ್ಟುತ್ತಿತ್ತು. ನಿಂಗಾಜಮ್ಮ ಮುಂದಿನಿಂದ ಮೂರನೇ ಸೀಟಿನಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. "ಇಳಿ ನಿಂಗಾಜಮ್ಮ, ನಿನಗೆ ಬಂದಿದೆ. ಬಚ್ಚಲಮನೆಗೆ ಹೋಗೋಣ, ಅಲ್ಲೇ ಹೊದಿಸ್ಬೇಕು" ಎಂದು ಏದುಸಿರು ಬಿಟ್ಟೆ.

"ಅಲ್ಲಿಗೆ ನಾನ್ ಬರಲ್ಲ" ಎಂದಳು. "ನೆಲಕ್ಕೆ ಉರುಳಿಸಿದ ಹಂಡೇನ ಇನ್ನೊಂದ್ ಸಲ ಆ ಒಲೆ ಮೇಲೆ ಇಡಲ್ಲ."

ಕಂಡಕ್ಟರ್ ಸೀಟಿ ಊದಿದ. ಬಸ್ಸು ಒಮ್ಮೆ ಮೈ ಕೊಡವಿಕೊಂಡಿತು. ಅವಳು ಹೊರಟೇ ಬಿಡುತ್ತಾಳೆ ಎಂಬುದು ಆಗ ನನಗೆ ತಿಳಿಯಿತು. ಕಾಯಿದೆ, ಪದ್ಧತಿ, ಮರ್ಯಾದೆ ಎಲ್ಲ ಮರೆತು, ಕೂತಲ್ಲೇ ಅವಳಿಗೆ ಶಾಲು ಹೊದಿಸಿಬಿಟ್ಟೆ.

ಹಿಂದೆಯೇ ಓಡಿಬಂದ ಊರಿನವರು ಚಪ್ಪಾಳೆ ತಟ್ಟಿದರು. ಆಮೇಲೆ ಏನಾಗಿದೆ ಎಂದು ಎಲ್ಲರಿಗೂ ಅರ್ಥವಾಗಿ ಚಪ್ಪಾಳೆ ನಿಂತಿತು. ಶಾಲು ಹೊದಿಸಿದ ಜಾಗವನ್ನು ಕದಲಿಸಕೂಡದು. ಆ ಜಾಗ ಬಸ್ಸಿನೊಳಗಿತ್ತು.

"ಎಂಜಿನ್ ಆರಿಸಪ್ಪ" ಎಂದರು ಜಲಜಾಕ್ಷಮ್ಮ ಡ್ರೈವರಿಗೆ. ಅವನು ಬೈದ ಬೈಗುಳಗಳಲ್ಲಿ ಕೆಲವು ನಮ್ಮೂರಿಗೆ ಹೊಸವು. ಈಗಲೂ ಬಳಕೆಯಲ್ಲಿವೆ.

ಆ ಬಸ್ಸು ಇವತ್ತಿಗೂ ಅಲ್ಲೇ ನಿಂತಿದೆ. ಹೊರಗಿನ ಊರುಗಳಿಗೆ ಹೋಗಲು ಬೇರೆ ಬಸ್ಸು ಬರುತ್ತದೆ, ಇದನ್ನು ಬಳಸಿಕೊಂಡು ನಿಲ್ಲುತ್ತದೆ. ಬಸ್ಸಿನ ಪಕ್ಕಕ್ಕೆ ತುಳಜಪ್ಪನೇ ಮುಂದೆ ನಿಂತು ತಗಡಿನ ಬಚ್ಚಲಮನೆ ಕಟ್ಟಿಸಿದ, ಹೊಸ ಹಂಡೆ ತಂದ. ಬೆಳಿಗ್ಗೆ ಎದ್ದರೆ ಸುಖನಿವಾಸದ ಅತಿಥಿಗಳು ಗೀಸರಿನ ಕೋಣೆಗೆ ಬೀಗ ಹಾಕಿ, ಹೆಗಲಿಗೆ ಟವೆಲ್ಲು ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆಯುವುದನ್ನು ನೋಡಬೇಕು. ನಿಂಗಾಜಮ್ಮ ಮೂರನೇ ಸೀಟಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, ಸಾಲಿನಲ್ಲಿ ನಿಂತವರ ಮುಖ ನೋಡಿ, ಯಾರಿಗೆ ಎಷ್ಟು ಬಿಸಿ ಎಂದು ಅಲ್ಲಿಂದಲೇ ಹೇಳುತ್ತಾಳೆ.

ಮೊದಲ ಭಾನುವಾರ ನಾನು ಹೋದಾಗ ನಾಚಿಕೆಯಿಂದ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋದೆ.

"ಕೆಳಗಿಡಿ ಗೈಡಪ್ಪ" ಎಂದಳು. "ಇಪ್ಪತ್ತೆರಡು ವರ್ಷದಿಂದ ನೋಡ್ತಾ ಇದೀನಿ. ಬಿಡುವಾಗ ಬೀದಿ ಕಡೆ ಬಿಡ್ತೀರಿ, ನೀವು ಒಳಗೆ ನೀರುಯ್ಕೋಳೋ ಅಷ್ಟೊತ್ತಿಗೆ ನನ್ನ ಮುಖ ನೋಡ್ತಾ ನಿಂತಿರ್ತವೆ. ಊರ್ನೋರ ಚಪ್ಪಲಿಯೆಲ್ಲ ನೋಡ್ಕೊಂಡ್ ತಿರುಗೋರು ನಿಮ್ದನ್ನೇ ನೋಡ್ಕೊಳ್ಲಿಲ್ಲ."

"ಹೇಳ್ಬಾರದಿತ್ತಾ?"

"ತೀರ್ಪು ಹೇಳೋರು ನೀವು. ನಾನ್ ಹೇಳೋಕಾಗುತ್ತಾ?"

ನಾನು ತಲೆ ತಗ್ಗಿಸಿ, ಜೋಳಿಗೆಯಿಂದ ಕಾಗದದ ಪೊಟ್ಟಣ ತೆಗೆದು ಅವಳ ಸೀಟಿನ ಮೇಲಿಟ್ಟೆ. ಒಳಗಿದ್ದದ್ದು ಹೊಸ ಚಪ್ಪಲಿ, ಹೆಂಗಸರ ಅಳತೆಯದು. ಅವಳೂ ಹೊರಗಿನಿಂದ ಬಂದವಳು, ಅವಳ ಚಪ್ಪಲಿ ಯಾವ ಕಡೆ ತಿರುಗುತ್ತದೆಂದು ಈ ಊರಿನಲ್ಲಿ ಯಾರೂ ನೋಡಿಲ್ಲ. ಅವಳು ಪೊಟ್ಟಣ ಬಿಚ್ಚಿದಳು. ನನ್ನನ್ನು ನೋಡಿದಳು. ಬಂದವರ ಮುಖವನ್ನು ದಿಟ್ಟಿಸುತ್ತಿದ್ದಳಲ್ಲ, ಹಾಗೆ. ಆಮೇಲೆ ಕಾಲಿಗೆ ಹಾಕಿಕೊಂಡಳು.

ಅವತ್ತಿನಿಂದ ಅವಳು ಅದನ್ನು ಬಿಚ್ಚಿಲ್ಲ. ಒಲೆಯ ಮುಂದೆಯೂ ಅದೇ, ಬಸ್ಸಿನೊಳಗೂ ಅದೇ. ನಾನು ಕಾದೂ ಕಾದೂ ಒಂದು ದಿನ ಧೈರ್ಯ ಮಾಡಿ, "ಸ್ವಲ್ಪ ಹೊತ್ತು ಬಿಚ್ಚಿ ಹೊರಗಿಡಬಾರದಾ ನಿಂಗಾಜಮ್ಮ?" ಎಂದು ಕೇಳಿಯೇ ಬಿಟ್ಟೆ.

"ಬಿಚ್ಚಲ್ಲ" ಎಂದಳು, ಉರಿಯನ್ನು ಒಳಕ್ಕೆ ತಳ್ಳುತ್ತಾ. "ಊರ್ಗೆಲ್ಲಾ ಯಾಕ್ ಗೊತ್ತಾಗ್ಬೇಕು?"